ಔಂಧದ ಅರಸರ ಸಾಮು: ನಾಲ್ವತ್ತು ವರ್ಷಗಳ ನೇಮ

ಜಾತ್ರೆಯೆಂದರೆ ತೇರು, ಪಲ್ಲಕ್ಕಿ, ಭಜನೆ, ಪ್ರಸಾದ. ಅದರ ಜೊತೆಗೆ ಗಡಿನಾಡಿನ ಈ ಸೀಮೆಯಲ್ಲಿ ಕುಸ್ತಿಯ ಕಣವೂ ಸಂಗ್ರಾಣಿ ಕಲ್ಲೂ ಇದ್ದೇ ಇರುತ್ತವೆ. ಕಲ್ಲನ್ನು ಹೆಗಲ ಮೇಲೇರಿಸಿದ ತರುಣನಿಗೆ ಪಟಗಾ ಸುತ್ತಿ ಸನ್ಮಾನ ಮಾಡುತ್ತಾರೆ. ಜನ ನೋಡುವುದು ಆ ಒಂದು ಗಳಿಗೆಯನ್ನು ಮಾತ್ರ. ಅದರ ಹಿಂದೆ ನಸುಕಿನಲ್ಲಿ ಎದ್ದು ಯಾರೂ ನೋಡದ ಹೊತ್ತಿನಲ್ಲಿ ಮಾಡಿದ ನೂರಾರು ದಿನಗಳ ಸಾಮು ಇರುತ್ತದೆ.

ಕಣದಲ್ಲಿ ಗೆದ್ದವರ ಹೆಸರು ಊರವರ ಬಾಯಲ್ಲಿ ಉಳಿಯುತ್ತದೆ. ಆದರೆ ಕಣಕ್ಕೆ ಇಳಿಯುವ ಆಸೆಯಿಲ್ಲದೆ, ಬಹುಮಾನದ ಹಂಬಲವಿಲ್ಲದೆ, ದೇಹವನ್ನು ಗಟ್ಟಿಯಾಗಿ ಇಟ್ಟುಕೊಳ್ಳುವುದನ್ನೇ ಒಂದು ಹವ್ಯಾಸವಾಗಿ ದಶಕಗಳ ಕಾಲ ನಡೆಸಿಕೊಂಡು ಬಂದವರೂ ಉಂಟು. ಅಂಥವರಲ್ಲಿ ಒಬ್ಬರು ಈ ಸೀಮೆಗೆ ನೆರೆಯವರೇ ಆಗಿದ್ದ ಔಂಧ ಸಂಸ್ಥಾನದ ಅರಸರು, ಭವಾನರಾವ್ ಶ್ರೀನಿವಾಸರಾವ್ ಪಂತ ಪ್ರತಿನಿಧಿಯವರು. ಔಂಧ ಊರು ಇರುವುದು ಸಾತಾರಾ ಜಿಲ್ಲೆಯಲ್ಲಿ. ಆದರೆ ಸಂಸ್ಥಾನದ ಭೂಮಿ ತುಂಡು ತುಂಡಾಗಿ ಹರಡಿತ್ತು. ಆಟಪಾಡಿ ಮಹಾಲು ಅದರದು. ವಿಜಾಪುರ ಸೀಮೆಯ ಗುಣದಾಳವೂ ಅದರದೇ. ಇಂದು ಆಟಪಾಡಿ, ಜತ್ತ ಎರಡೂ ಸಾಂಗಲಿ ಜಿಲ್ಲೆಯ ತಾಲೂಕುಗಳು. ಹೀಗಾಗಿ ಔಂಧದ ಕಥೆ ಕನ್ನಡಿಗರಿಗೆ ಪರರ ಕಥೆಯಲ್ಲ.

ಸೀಮೆಯ ಹಳೆಯ ಸಾಮು

ಅಂಗಸಾಧನೆ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಮಲ್ಲರ ದರ್ಜೆಗಳು, ಅವರ ಆಹಾರ, ಅವರು ಮಾಡಬೇಕಾದ ಶ್ರಮಗಳನ್ನು ಅಲ್ಲಿ ವಿಂಗಡಿಸಿ ಹೇಳಲಾಗಿದೆ. ಭಾರ ಎತ್ತುವುದು ಭಾರಶ್ರಮ, ನಡೆದಾಡುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಇಂದಿನ ವ್ಯಾಯಾಮ ಶಿಕ್ಷಕರು ಹೇಳುವ ಭಾರ, ನಡಿಗೆ, ಈಜು ಎಲ್ಲವೂ ಆಗಲೇ ಪಟ್ಟಿಯಾಗಿದ್ದವು.

ಮುಂದೆ 17ನೆಯ ಶತಮಾನದಲ್ಲಿ ಸಮರ್ಥ ರಾಮದಾಸರು ಕೃಷ್ಣಾ ತೀರದ ಸೀಮೆಯಲ್ಲಿ ಹನ್ನೊಂದು ಮಾರುತಿಗಳನ್ನು ಪ್ರತಿಷ್ಠಾಪಿಸಿದರು. ಬಲೋಪಾಸನೆಗೆ ಮಾರುತಿಯೇ ದೈವ ಎಂಬ ಭಾವನೆ ಅಲ್ಲಿ ಬೇರೂರಿತು. ಗರಡಿಯಲ್ಲಿ, ತಾಲೀಮಿನಲ್ಲಿ ಹನುಮಂತನಿಗೆ ಕೈಮುಗಿಯದೆ ಮಣ್ಣಿಗೆ ಇಳಿಯುವ ರೂಢಿ ಇಲ್ಲ. ಅತ್ತ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನ 1912ರಲ್ಲಿ ಆರಂಭವಾಯಿತು.

ಸೊಲ್ಲಾಪುರದಲ್ಲಿ ಶ್ರೀ ಸಿದ್ಧರಾಮೇಶ್ವರರ ಜಾತ್ರೆ ಮಕರ ಸಂಕ್ರಾಂತಿಗೆ ನಡೆಯುತ್ತದೆ. ಏಳು ನಂದಿಧ್ವಜಗಳು 68 ಲಿಂಗಗಳ ಪ್ರದಕ್ಷಿಣೆಗೆ ಹೊರಡುತ್ತವೆ. ಮುಗಿಲೆತ್ತರದ ಆ ಧ್ವಜವನ್ನು ವಾಲದಂತೆ ಹೊತ್ತು ನಡೆಯುವುದು ಒಂದು ದಿನದ ಉತ್ಸಾಹದಿಂದ ಆಗುವ ಕೆಲಸವಲ್ಲ. ಹೊರುವವರು ಜಾತ್ರೆಗೆ ಎಷ್ಟೋ ದಿನ ಮುಂಚೆಯೇ ರೂಢಿ ಆರಂಭಿಸುತ್ತಾರೆ. ದೇವರ ಸೇವೆಗೂ ಮೈಬಲ ಬೇಕು. ಆ ಬಲವನ್ನು ವರ್ಷವಿಡೀ ಕಾಪಾಡಿಕೊಳ್ಳಬೇಕು.

ಸ್ಯಾಂಡೋ ಬಂದ ಕಾಲ

19ನೆಯ ಶತಮಾನದ ಕೊನೆಗೆ ಯುರೋಪಿನಿಂದ ಹೊಸ ಗಾಳಿ ಬೀಸಿತು. 1867ರಲ್ಲಿ ಪ್ರಶ್ಯಾ ದೇಶದಲ್ಲಿ ಹುಟ್ಟಿದ ಯುಜೆನ್ ಸ್ಯಾಂಡೋ ಎಂಬಾತ ಮೊದಲು ಭಾರ ಎತ್ತಿ ಜನರನ್ನು ಬೆರಗುಗೊಳಿಸುತ್ತಿದ್ದನು. ಆಮೇಲೆ ಎತ್ತುವ ಭಾರಕ್ಕಿಂತ ಎತ್ತುವ ದೇಹದ ಅಂದವನ್ನೇ ತೋರಿಸತೊಡಗಿದನು. 1901ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ದೇಹದಾರ್ಢ್ಯದ ದೊಡ್ಡ ಸ್ಪರ್ಧೆಯನ್ನೇ ಏರ್ಪಡಿಸಿದನು. 1904–05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ನೀಡಿದನು. ತೋಳಿಲ್ಲದ ಬನಿಯನ್ನಿಗೆ ಹಳ್ಳಿಯ ಅಂಗಡಿಯಲ್ಲೂ ‘ಸ್ಯಾಂಡೋ ಬನಿಯನ್’ ಎನ್ನುವುದು ಅವನ ಹೆಸರಿನಿಂದಲೇ.

ಸ್ಯಾಂಡೋನ ಪದ್ಧತಿಯಲ್ಲಿ ಒಂದು ವಿಶೇಷವಿತ್ತು. ಪೈಲವಾನನಾಗಬೇಕಿಲ್ಲ, ಕಣಕ್ಕೆ ಇಳಿಯಬೇಕಿಲ್ಲ. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ಗುಮಾಸ್ತನೂ ಮನೆಯಲ್ಲೇ ಹಗುರ ಡಂಬೆಲ್ ಹಿಡಿದು, ಯಾವ ಸ್ನಾಯು ದುಡಿಯುತ್ತಿದೆಯೋ ಅದರ ಮೇಲೆ ಮನಸ್ಸಿಟ್ಟು, ದಿನಕ್ಕಿಷ್ಟು ಹೊತ್ತು ಸಾಮು ಮಾಡಬಹುದು. ಹವ್ಯಾಸಕ್ಕಾಗಿ ಮೈ ಬೆಳೆಸುವ ಪದ್ಧತಿ ಜಗತ್ತಿನಾದ್ಯಂತ ಹರಡಿದ್ದು ಹೀಗೆ.

ಹತ್ತು ವರ್ಷ ಉಪಕರಣ, ಆಮೇಲೆ ನೆಲ

1868ರಲ್ಲಿ ಜನಿಸಿದ ಭವಾನರಾವ್ ಅವರು 1897ರಲ್ಲಿ ಸ್ಯಾಂಡೋನ ಪುಸ್ತಕವನ್ನೂ ಉಪಕರಣಗಳನ್ನೂ ತರಿಸಿಕೊಂಡರು. ಆಗ ಅವರಿಗೆ ಮೂವತ್ತರ ಹತ್ತಿರದ ವಯಸ್ಸು. ಹೊಸ ಉಪಕರಣ ಬಂದ ತಿಂಗಳು ಎಲ್ಲರಿಗೂ ಹುರುಪು ಇರುತ್ತದೆ. ಆಮೇಲೆ ಅದು ಮೂಲೆ ಸೇರುತ್ತದೆ. ಅವರು ಹಾಗೆ ಮಾಡಲಿಲ್ಲ. ಪುಸ್ತಕದಲ್ಲಿ ಹೇಳಿದ ಕ್ರಮದಂತೆ ಹತ್ತು ವರ್ಷ ಬಿಡದೆ ನಡೆಸಿದರು.

1908ರ ಸುಮಾರಿಗೆ ಮಿರಜದ ಅರಸರ ಪ್ರೇರಣೆಯಿಂದ ಭವಾನರಾವ್ ಅವರು ಸೂರ್ಯನಮಸ್ಕಾರಕ್ಕೆ ತಿರುಗಿದರು. ಮರುವರ್ಷ, 1909ರಲ್ಲಿ, ಔಂಧದ ಗಾದಿಗೆ ಬಂದರು. ರಾಜ್ಯದ ಹೊಣೆ ಬಿದ್ದ ಮೇಲೆ ನೇಮ ತಪ್ಪಲು ನೆಪಗಳಿಗೆ ಕೊರತೆ ಇರಲಿಲ್ಲ. ಅವರು ಚಿತ್ರಕಾರರು, ಕೀರ್ತನಕಾರರು. ಪುಣೆಯಲ್ಲಿ ನಡೆದ ಮಹಾಭಾರತದ ಶುದ್ಧಪ್ರತಿಯ ಕಾರ್ಯಕ್ಕೆ ಆಶ್ರಯವಿತ್ತವರು. 1939ರಲ್ಲಿ ಗಾಂಧೀಜಿಯವರ ಸಲಹೆ ಪಡೆದು ಆಡಳಿತವನ್ನು ಪ್ರಜೆಗಳ ಕೈಗೆ ಒಪ್ಪಿಸಿದ ಅರಸರು. ಇಷ್ಟೆಲ್ಲ ಕೆಲಸಗಳ ನಡುವೆಯೂ ಬೆಳಗಿನ ನಮಸ್ಕಾರ ನಿಲ್ಲಲಿಲ್ಲ. ಮನೆಯವರಿಗೂ ಮಕ್ಕಳಿಗೂ ಅದನ್ನೇ ಕಲಿಸಿದರು. ಸಂಸ್ಥಾನದ ಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡಿದರು.

ಸೂರ್ಯನಿಗೆ ನಮಸ್ಕರಿಸುವುದು ಬಹಳ ಪುರಾತನ ಉಪಾಸನೆ. ಮಿತ್ರ, ರವಿ, ಸೂರ್ಯ, ಭಾನು ಮೊದಲಾದ ಹನ್ನೆರಡು ನಾಮಗಳನ್ನು ಬೀಜಾಕ್ಷರಗಳೊಡನೆ ಉಚ್ಚರಿಸಿ ಅಡ್ಡಬೀಳುವ ಪದ್ಧತಿ ಮನೆಮನೆಗಳಲ್ಲಿ ಇತ್ತು. ಭವಾನರಾವ್ ಅವರು ಮಾಡಿದ್ದೇನೆಂದರೆ, ಆ ನಮಸ್ಕಾರವನ್ನು ಹತ್ತು ಸ್ಥಿತಿಗಳ ವ್ಯಾಯಾಮವಾಗಿ ಕ್ರಮಗೊಳಿಸಿ, ಉಸಿರಿನ ಲೆಕ್ಕವನ್ನು ಕೂಡಿಸಿ, ಹೆಂಗಸರು ಗಂಡಸರೆನ್ನದೆ, ಮಕ್ಕಳು ಮುದುಕರೆನ್ನದೆ ಎಲ್ಲರಿಗೂ ತಿಳಿಯುವಂತೆ ಸಾರಿದ್ದು. ಖರ್ಚಿಲ್ಲ, ಉಪಕರಣವಿಲ್ಲ, ಜೊತೆಗಾರರು ಬೇಕಿಲ್ಲ. ಚಾಪೆಯಷ್ಟು ನೆಲ ಸಾಕು ಎಂಬುದು ಅವರ ಪ್ರಚಾರದ ತಿರುಳು. ಲಂಡನ್ನಿನ ಪತ್ರಕರ್ತೆ ಲೂಯಿಸ್ ಮೊರ್ಗನ್ ಅವರು ಸಂಪಾದಿಸಿದ ಇಂಗ್ಲಿಷ್ ಪುಸ್ತಕ 1938ರಲ್ಲಿ ಹೊರಬಂದಾಗ ಅರಸರಿಗೆ 70 ವರ್ಷ. 1897ರಿಂದ ಲೆಕ್ಕ ಹಾಕಿದರೆ ಅವರ ಸಾಮಿಗೆ ಆಗ ನಾಲ್ವತ್ತು ವರ್ಷ ತುಂಬಿ ಮೀರಿತ್ತು. 1951ರಲ್ಲಿ, 82ರ ವಯಸ್ಸಿನಲ್ಲಿ ಅವರು ದೈವಾಧೀನರಾದರು.

ಬೆಂಗಳೂರಿನ ಗುರು

ಸ್ಯಾಂಡೋನ ಭಾರವೋ, ಔಂಧದ ನಮಸ್ಕಾರವೋ ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲೇ ಒಬ್ಬರು ಉತ್ತರ ಕೊಟ್ಟರು. ಅವರು ಕೆ.ವಿ. ಅಯ್ಯರ್. ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು, ಟಿ.ಪಿ. ಕೈಲಾಸಂ ಅವರ ಆಪ್ತರೆಂದು ಸಾಹಿತ್ಯಪ್ರಿಯರು ಅವರನ್ನು ಬಲ್ಲರು. ಆದರೆ ಅವರ ವೃತ್ತಿ ವ್ಯಾಯಾಮ ಶಿಕ್ಷಣ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ದೂರದ ಊರಿನವರಿಗೆ ಅಂಚೆಯ ಮೂಲಕವೂ ಪಾಠ ಹೇಳಿದರು. 1930ರಲ್ಲಿ ಸ್ನಾಯುಸಾಧನೆಯನ್ನು ಕುರಿತ ಇಂಗ್ಲಿಷ್ ಪುಸ್ತಕವನ್ನೂ 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತ ಪುಸ್ತಕವನ್ನೂ ಪ್ರಕಟಿಸಿದರು. ಭಾರ ಎತ್ತುವುದಕ್ಕೂ ನಮಸ್ಕಾರಕ್ಕೂ ವಿರೋಧವಿದೆಯೆಂದು ಅವರು ಭಾವಿಸಲಿಲ್ಲ. ಎರಡನ್ನೂ ಕೂಡಿಸಿ ಕಲಿಸಿದರು.

ಅದಕ್ಕೆ ಕಾರಣವೂ ಸರಳವಾಗಿದೆ. ನಮಸ್ಕಾರದಲ್ಲಿ ದೇಹದ ತೂಕವೇ ಭಾರ. ನೆಲಕ್ಕೆ ಇಳಿಯುವಾಗ ಎದೆ, ಹೆಗಲು, ತೋಳುಗಳ ಮೇಲೆ ಆ ತೂಕ ಬೀಳುತ್ತದೆ. ಬಾಗಿದಾಗ ತೊಡೆಯ ಹಿಂಭಾಗ ಮತ್ತು ಬೆನ್ನು ಸಡಿಲಗೊಳ್ಳುತ್ತವೆ. ಆದರೆ ಅದರಲ್ಲಿ ಎಳೆಯುವ ಕೆಲಸ ಇಲ್ಲ. ಬಾವಿಯಿಂದ ನೀರು ಸೇದುವವರಿಗೆ ಆ ಬಲ ತಾನಾಗಿ ಬರುತ್ತಿತ್ತು. ನಲ್ಲಿ ಬಂದ ಮೇಲೆ ಅದಕ್ಕೆ ಹಗ್ಗ, ಮಲ್ಲಕಂಬ ಅಥವಾ ಭಾರವೇ ಬೇಕು. ಅಲ್ಲದೆ ಸ್ನಾಯು ಬೆಳೆಯುವುದು ಅದರ ಮೇಲಿನ ಭಾರ ಸ್ವಲ್ಪ ಸ್ವಲ್ಪವೇ ಏರುತ್ತ ಹೋದಾಗ. ನಮಸ್ಕಾರದ ಸಂಖ್ಯೆ ಏರಿಸಿದರೆ ದಮ್ಮು ಹೆಚ್ಚುತ್ತದೆ, ಆದರೆ ಒಂದು ಹಂತದ ಮೇಲೆ ಬಲ ಅಷ್ಟಾಗಿ ಹೆಚ್ಚುವುದಿಲ್ಲ. ಚಿಕ್ಕ ಗುಂಡಿನಿಂದ ದೊಡ್ಡ ಗುಂಡಿಗೆ, ಹಗುರ ಗದೆಯಿಂದ ಭಾರದ ಗದೆಗೆ ಹೋಗುವ ತಾಲೀಮಿನ ಕ್ರಮದಲ್ಲಿ ಈ ತತ್ತ್ವ ಮೊದಲಿನಿಂದಲೂ ಇತ್ತು.

ವೈದ್ಯರ ಮಾತು

ಮೂವತ್ತರ ನಂತರ, ಬಳಸದಿದ್ದರೆ, ಸ್ನಾಯು ವರ್ಷ ವರ್ಷಕ್ಕೆ ಕರಗುತ್ತ ಹೋಗುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಮುದುಕರು ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೆ ತೊಡೆಯ ಬಲ ಕುಗ್ಗುವುದೂ ಒಂದು ದೊಡ್ಡ ಕಾರಣ. ಹಾಗೆಂದು ವಯಸ್ಸಾದ ಮೇಲೆ ಆರಂಭಿಸಿ ಫಲವಿಲ್ಲ ಎನ್ನುವಂತಿಲ್ಲ. 1990ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ವೃದ್ಧರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯಂತೆ, ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬೀಸು ನಡಿಗೆಯಂಥ ಶ್ರಮವನ್ನೂ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮವನ್ನೂ ಮಾಡಬೇಕು.

ಇನ್ನು ಆಹಾರ. ಭಾರತದ ಪೋಷಣಾ ತಜ್ಞರು 2020ರಲ್ಲಿ ಸೂಚಿಸಿದ ಪ್ರಮಾಣದಂತೆ ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಸಾಮು ಮಾಡುವವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಜೋಳದ ರೊಟ್ಟಿ, ತೊಗರಿಬೇಳೆ, ಮಡಿಕೆ ಕಾಳು, ಶೇಂಗಾ, ಹಾಲು, ಮೊಸರು ಇವುಗಳಿಂದಲೇ ಅದರ ಬಹುಭಾಗ ದೊರೆಯುತ್ತದೆ. ಮೂರು ತಿಂಗಳಲ್ಲಿ ಮೈ ಉಬ್ಬಿಸುವ ಆತುರದಲ್ಲಿ ಕೆಲವು ತರುಣರು ಸ್ಟೀರಾಯ್ಡ್ ಚುಚ್ಚುಮದ್ದಿಗೆ ಕೈಹಾಕುತ್ತಾರೆ. ಅದರಿಂದ ಹೃದಯಕ್ಕೂ ಯಕೃತ್ತಿಗೂ ಸಂತಾನಶಕ್ತಿಗೂ ಹಾನಿ. ಹಡೆದವರಿಗೆ ದುಃಖ ಕೊಡುವ ಮೈಕಟ್ಟು ಯಾರಿಗೆ ಬೇಕು?

ನೇಮದ ಬಲ

ಹತ್ತು ವರ್ಷ ಸ್ಯಾಂಡೋ, ಆಮೇಲೆ ಮೂರು ದಶಕ ಸೂರ್ಯನಮಸ್ಕಾರ: ಪದ್ಧತಿ ಬದಲಾಯಿತು, ಬೆಳಗಿನ ಹೊತ್ತು ಬದಲಾಗಲಿಲ್ಲ. ಔಂಧದ ಅರಸರ ಬಾಳಿನಿಂದ ತಿಳಿಯಬೇಕಾದದ್ದು ಇದೇ. ಯಾವ ಸಾಮು ಶ್ರೇಷ್ಠ ಎಂದು ಚರ್ಚೆ ಮಾಡುತ್ತ ಕೂಡುವವನಿಗಿಂತ, ತನಗೆ ಒಗ್ಗಿದ್ದನ್ನು ಹಿಡಿದು ಬಿಡದವನೇ ಮುಂದೆ ಹೋಗುತ್ತಾನೆ. ದೇವರಿಗೆ ದಿನಾ ದೀಪ ಹಚ್ಚುವವರಿಗೆ ಈ ಮಾತು ಹೊಸದಲ್ಲ. ಇಂದು ಮನಸ್ಸಿಲ್ಲವೆಂದು ಯಾರೂ ದೀಪ ಬಿಡುವುದಿಲ್ಲ; ಎಣ್ಣೆ ಕಡಿಮೆಯಿದ್ದರೆ ಸಣ್ಣ ದೀಪವನ್ನಾದರೂ ಹಚ್ಚುತ್ತಾರೆ. ಸಾಮಿಗೂ ಅದೇ ಕ್ರಮ. ಹೊಲದ ಕೆಲಸ ಹೆಚ್ಚಾದ ದಿನ ಹನ್ನೆರಡು ನಮಸ್ಕಾರದ ಬದಲು ಮೂರು ಹಾಕಬಹುದು, ಆದರೆ ಹಾಕಬೇಕು.

ಹೊಸದಾಗಿ ಆರಂಭಿಸುವವರು ಮೊದಲ ತಿಂಗಳು ಸಂಖ್ಯೆಯ ಆಸೆ ಬಿಡುವುದು ಲೇಸು. ಮೊಣಕಾಲು ನೋವು, ರಕ್ತದೊತ್ತಡ, ಎದೆನೋವು ಇರುವವರು ವೈದ್ಯರನ್ನು ಕೇಳಿ ತೊಡಗಬೇಕು. ನೆಲಕ್ಕೆ ಬಾಗಲಾಗದ ಅಜ್ಜ ಅಜ್ಜಿಯರು ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೂ ಅದು ಸಾಮೇ. ಗುಡಿಯ ಮೆಟ್ಟಿಲನ್ನು ಯಾರ ಆಸರೆಯೂ ಇಲ್ಲದೆ ಹತ್ತಿ ದರ್ಶನ ಪಡೆಯುವಷ್ಟು ಬಲ ಕಾಲಿನಲ್ಲಿ ಉಳಿದರೆ, ಆ ಸಾಮು ಸಾರ್ಥಕವಾದಂತೆಯೇ.