ಗಾಜಿನೊಳಗಿನ ಕಡಲು

ಹವಳ ಎಂದರೆ ನಮಗೆ ಹೆಂಗಸರಿಗೆ ಮೊದಲು ನೆನಪಾಗುವುದು ಕೊರಳ ಸರ. ಕರಿಮಣಿಯ ನಡುವೆ ಪೋಣಿಸಿದ ಎರಡು ಕೆಂಪು ಮಣಿ, ಇಲ್ಲವೇ ಅಜ್ಜಿಯ ಪೆಟ್ಟಿಗೆಯಿಂದ ಬಂದ ಒಂದೆಳೆ. ಆ ಕೆಂಪು ಹವಳ ಹೆಸರಾಗಿರುವುದು ದೂರದ ಮೆಡಿಟರೇನಿಯನ್ ಸಮುದ್ರಕ್ಕೆ. ನಮ್ಮ ಕಡಲಿನಲ್ಲಿಯೂ ಬೇರೆ ಜಾತಿಯ ಹವಳವಿದೆ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ನಡುಗಡ್ಡೆಯ ಸುತ್ತ, ನೀರಿನಡಿಯ ಬಂಡೆಗಳ ಮೇಲೆ ಅದು ಬೆಳೆಯುತ್ತದೆ. ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದು ಸಣ್ಣ ಪ್ರಾಣಿ. ಕಡಲ ನೀರಿನಿಂದ ಸುಣ್ಣ ಹೀರಿ ತನ್ನ ಮನೆಯನ್ನು ತಾನೇ ಕಟ್ಟಿಕೊಳ್ಳುತ್ತದೆ.

ಈಗ ಪಟ್ಟಣಗಳ ಕೆಲವು ಮನೆಗಳಲ್ಲಿ ಗಾಜಿನ ತೊಟ್ಟಿಗೆ ಉಪ್ಪುನೀರು ತುಂಬಿ ಹವಳ ಸಾಕುವ ಹವ್ಯಾಸ ಬಂದಿದೆ. ಪಂಪು, ದೀಪ, ತಂತಿಗಳನ್ನು ಕಂಡರೆ ಇದು ಗಂಡಸರ ಯಂತ್ರದಾಟವೆನಿಸೀತು. ಆದರೆ ಇದರ ಚರಿತ್ರೆಯ ಮೊದಲ ಪುಟದಲ್ಲಿರುವವಳು ಒಬ್ಬ ಗೃಹಿಣಿ.

ಆಕೆಯ ಹೆಸರು ಆನ್ನಾ ಥಿನ್. ಗಂಡ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಪಾದ್ರಿ. 1846ರಲ್ಲಿ ಟಾರ್ಕೀ ಎಂಬ ಕಡಲೂರಿಗೆ ಹೋದವಳು ಅಲ್ಲಿನ ಪುಟ್ಟ ಹವಳಗಳಿಗೆ ಮನಸೋತು, ಕಲ್ಲಿನ ಜಾಡಿಯಲ್ಲಿ ಅವನ್ನು ಲಂಡನ್ನಿಗೆ ತಂದಳು. ನೀರು ಎಲ್ಲ ಕಡೆಯಿಂದಲೂ ತಾಗಲೆಂದು ಸೂಜಿದಾರದಿಂದ ಅವನ್ನು ಸ್ಪಂಜಿಗೆ ಹೊಲಿದಳಂತೆ! ನೋಡಿ, ವಿಜ್ಞಾನದ ಉಪಕರಣ ಯಾವುದು? ನಮ್ಮ ಕೈಯ ಸೂಜಿಯೇ.

ಲಂಡನ್ನಿನಲ್ಲಿ ಕಡಲಿಲ್ಲ. ತಂದ ನೀರು ಕೊಳೆಯಬಾರದೆಂದು ದಿನವೂ ಅರ್ಧ, ಮುಕ್ಕಾಲು ಗಂಟೆ ತೆರೆದ ಕಿಟಕಿಯ ಮುಂದೆ ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ದು ಗಾಳಿ ಸೇರಿಸಬೇಕಾಯಿತು. ನಾವು ಬಿಸಿ ಹಾಲನ್ನು ಎತ್ತಿ ಹೊಯ್ಯುತ್ತೇವಲ್ಲ, ಹಾಗೆ. ಹೊಯ್ದವಳು ಮನೆಗೆಲಸದವಳು. ಮರುವರ್ಷ ಜಾಡಿಗೆ ಕಡಲ ಪಾಚಿಯೂ ಸೇರಿತು. ಪಾಚಿ ಬಿಟ್ಟ ಆಮ್ಲಜನಕ ಪ್ರಾಣಿಗೆ, ಪ್ರಾಣಿಯ ತ್ಯಾಜ್ಯ ಪಾಚಿಗೆ. ಹೀಗೆ ಸುಮಾರು ಮೂರು ವರ್ಷ ಹವಳ ಬದುಕಿತು. ಆನ್ನಾಳ ಟಿಪ್ಪಣಿ 1859ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು.

ಇದಕ್ಕೆ ಮೊದಲೇ, 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆದಿತ್ತು. ಅದಕ್ಕೆ ದುಡಿದ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಬರೆದ ಪುಸ್ತಕ ಮನೆಮನೆಗೂ ಈ ಹುಚ್ಚು ಹಿಡಿಸಿತು. ಜನ ಬುಟ್ಟಿ ಹಿಡಿದು ಕಡಲ ದಂಡೆಗೆ ಮುಗಿಬಿದ್ದರು. ಬಂಡೆಗಳ ನಡುವಿನ ಹೊಂಡಗಳು ಬರಿದಾದವು. ತನ್ನ ತಂದೆ ಪ್ರೀತಿಯಿಂದ ತೋರಿಸಿದ್ದನ್ನು ಜನ ಹಾಳುಗೆಡವಿದರೆಂದು ಮಗ ಎಡ್ಮಂಡ್ ಗಾಸ್ 1907ರಲ್ಲಿ ನೊಂದು ಬರೆದ.

ತರಗತಿಯಲ್ಲಿ ಈ ಕಥೆ ಹೇಳಿದಾಗ ಮಕ್ಕಳು ಕೇಳುವುದುಂಟು, "ಅಕ್ಕೋರೇ, ನಮಗೆ ಕಡಲು ಹತ್ತಿರವೇ ಇದೆಯಲ್ಲ, ಕೊಡದಲ್ಲಿ ತಂದು ತುಂಬಿದರಾಗದೆ?" ಆಗದು. ಹೊನ್ನಾವರದಲ್ಲಿ ಶರಾವತಿ, ಕುಮಟಾ ಕಡೆಯಲ್ಲಿ ಅಘನಾಶಿನಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾಗಿ ಕೆಸರಾಗುತ್ತದೆ. ಹವಳಕ್ಕೆ ಬೇಕಾದದ್ದು ತಿಳಿಯಾದ, ಹದ ಬದಲಾಗದ ನೀರು. ಲೀಟರಿಗೆ ಸುಮಾರು 35 ಗ್ರಾಂ ಲವಣ, 25 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಶಾಖ. ಸಾಣಿಕಟ್ಟೆಯ ಉಪ್ಪು ಸಾರಿಗೆ ರುಚಿಯೇ ಹೊರತು ತೊಟ್ಟಿಗೆ ಸಾಲದು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಕಡಲಿನಲ್ಲಿದ್ದ ಪ್ರಮಾಣದಲ್ಲೇ ಇರಬೇಕು.

ನೀರು ಹದವಾದರೂ ಹವಳ ಇಡುವಂತಿಲ್ಲ. ಕೊಳೆತದ್ದರಿಂದ ಹುಟ್ಟುವ ಅಮೋನಿಯ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಅದನ್ನು ಅಷ್ಟು ಕೇಡಿಲ್ಲದ ನೈಟ್ರೇಟ್ ಮಾಡುತ್ತವೆ. ಇವು ಕಲ್ಲುಗಳ ಸಂದಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ದೋಸೆಹಿಟ್ಟು ಹುಳಿಯುವವರೆಗೆ ಕಾಯಬಲ್ಲ ನಮಗೆ ಈ ಕಾಯುವಿಕೆ ಹೊಸದೇನಲ್ಲ.

ಇನ್ನೊಂದು ವಿಷಯ ಕೇಳಿದರೆ ನಗು ಬಂದೀತು. ಬೆಳೆಯುವ ಹವಳಕ್ಕೆ ಕ್ಯಾಲ್ಸಿಯಂ ಕೊಡಲು 1970ರ ದಶಕದಲ್ಲಿ ಜರ್ಮನ್ ಭಾಷೆಯ ಹವ್ಯಾಸಿಗಳು ಬಳಕೆಗೆ ತಂದ "ಕಾಲ್ಕ್‌ವಾಸರ್" ಬೇರೇನೂ ಅಲ್ಲ, ಸುಣ್ಣದ ತಿಳಿ! ಅಘನಾಶಿನಿಯ ಇಳಿತದಲ್ಲಿ ಹೆಂಗಸರು ಚಿಪ್ಪಿ ಆರಿಸುವುದನ್ನು, ಚಿಪ್ಪು ಸುಟ್ಟು ಎಲೆಯಡಿಕೆಗೆ ಸುಣ್ಣ ಮಾಡುವುದನ್ನು ಕಂಡವರು ನಾವು. ತೊಟ್ಟಿಗೆ ಮಾತ್ರ ಶುದ್ಧ ಸುಣ್ಣವೇ ಬೇಕು, ಅದೂ ಆವಿಯಾದ ನೀರಿನ ಬದಲಿಗೆ ಹನಿಹನಿಯಾಗಿ. ಒಮ್ಮೆಲೇ ಸುರಿದರೆ ಅದರ ಕ್ಷಾರಕ್ಕೆ ಜೀವಿಗಳು ಸಾಯುತ್ತವೆ.

ಇಷ್ಟೆಲ್ಲ ಮಾಡಿ, ಹವಳವನ್ನು ನೇತ್ರಾಣಿಯಿಂದ ತರೋಣವೇ? ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳು ಸೇರಿದವು. ಹುಲಿಗಿರುವ ರಕ್ಷಣೆಯೇ ಅವಕ್ಕೂ. ಒಂದು ಕಾಲಕ್ಕೆ ನೌಕಾದಳದ ಗುಂಡಿನಭ್ಯಾಸಕ್ಕೆ ಗುರಿಯಾಗಿದ್ದ ನಡುಗಡ್ಡೆ ಅದು. ಈಗ ಒತ್ತಿ ತುಂಬಿದ ಗಾಳಿಯ ಸಿಲಿಂಡರು ಹೊತ್ತು ಮುಳುಗಿ ನೋಡುವವರು ಬರುತ್ತಾರೆ. ನೋಡಿ ಬರಲಿ, ಮುರಿದು ತರುವುದು ಬೇಡ. ಇಂಗ್ಲೆಂಡಿನ ದಂಡೆಗಾದದ್ದು ನಮಗೂ ಆಗಬಾರದು.

ಒಂದು ಜಾಡಿ ನೀರನ್ನು ಕಡಲಾಗಿ ಉಳಿಸಲು ದಿನವೂ ಒಬ್ಬರು ರೆಟ್ಟೆ ನೋಯಿಸಿಕೊಳ್ಳಬೇಕಾಯಿತು. ನೇತ್ರಾಣಿಯ ಸುತ್ತ ಗಾಳಿ ಮತ್ತು ಅಲೆ ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಿವೆ. ಕಡಲ ಬೆಲೆ ತಿಳಿಯಲು ನನಗೆ ಈ ಲೆಕ್ಕ ಸಾಕು. ಆನ್ನಾ ಥಿನ್‌ಳ ಹೆಸರು ಚರಿತ್ರೆಯಲ್ಲಿ ನಿಂತಿದೆ. ಕಿಟಕಿಯ ಬಳಿ ನಿಂತು ನೀರು ಹೊಯ್ದವಳನ್ನು ಚರಿತ್ರೆ ಕೆಲಸದವಳು ಎಂದಷ್ಟೇ ಕರೆದಿದೆ. ಮಕ್ಕಳಿಗೆ ಪಾಠ ಹೇಳುವಾಗ ನಾನು ಅವಳನ್ನೂ ಸೇರಿಸಿಯೇ ಹೇಳುತ್ತೇನೆ.