ತೊಟ್ಟಿಗೆ ಬಂದ ಬಸವನಹುಳು

1849ರ ಲಂಡನ್. ಗಾಜಿನ ಮೇಲಿನ ತೆರಿಗೆ ರದ್ದಾಗಿ ನಾಲ್ಕು ವರ್ಷವಾಗಿತ್ತು. ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 12 ಗ್ಯಾಲನ್ ನೀರು ಹಿಡಿಯುವ ಗಾಜಿನ ಪಾತ್ರೆಯ ತಳಕ್ಕೆ ಮರಳು ಹಾಸಿ, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟು, ಎರಡು ಪುಟ್ಟ ಚಿನ್ನದ ಮೀನುಗಳನ್ನು ಬಿಟ್ಟ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಉಸಿರಾಡುತ್ತದೆ, ನೀರು ಬದಲಿಸುವ ರಗಳೆಯೇ ಇಲ್ಲ ಎಂಬುದು ಅವನ ಲೆಕ್ಕ.

ಲೆಕ್ಕ ತಪ್ಪಿತು. ಎಲೆ ಕೊಳೆಯಿತು, ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಅಂಟಿತು.

ಹಾಗಾದರೆ ಹೊಂಡಗಳಲ್ಲಿ ಇಂಥ ಕೊಳೆಯನ್ನು ತಿನ್ನುವವರು ಯಾರು ಎಂದು ಅವನು ಯೋಚಿಸಿದ. ಉತ್ತರ ಬಸವನಹುಳುವಾಗಿತ್ತು. ಐದಾರನ್ನು ತಂದು ಬಿಟ್ಟದ್ದೇ ತಡ, ಅವು ಕೊಳೆತದ್ದನ್ನೆಲ್ಲ ಮೇಯ್ದು ನೀರನ್ನು ತಿಳಿಯಾಗಿಸಿದವು. ಸೊಗಸೆಂದರೆ, ಅವು ಇಟ್ಟ ಮೊಟ್ಟೆಗಳೇ ಮೀನುಗಳಿಗೆ ಊಟವಾದವು! ಮನೆ ಗುಡಿಸಲು ಬಂದವರು ಅಡುಗೆಯನ್ನೂ ವಹಿಸಿಕೊಂಡ ಹಾಗೆ.

1850ರಲ್ಲಿ ವಾರಿಂಗ್‌ಟನ್ ಇದನ್ನು ಕೆಮಿಕಲ್ ಸೊಸೈಟಿಗೆ ವರದಿ ಮಾಡಿದ. 1853ರಲ್ಲಿ ರೀಜೆಂಟ್ಸ್ ಪಾರ್ಕ್ ಮೃಗಾಲಯ 'ಮೀನುಮನೆ' ತೆರೆಯಿತು; ಮರುವರ್ಷ ಬಂದ ಫಿಲಿಪ್ ಹೆನ್ರಿ ಗಾಸ್‌ನ 'ದಿ ಅಕ್ವೇರಿಯಂ' ಪುಸ್ತಕ ಆ ಹೆಸರನ್ನು ಮನೆಮಾತಾಗಿಸಿತು. ಶ್ರೀಮಂತರ ಹಜಾರಗಳಿಗೆ ತೊಟ್ಟಿಗಳು ಬಂದವು. ಕಡಲತೀರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಸುರಿದವರ ತೊಟ್ಟಿಯಲ್ಲಿ ಮಾತ್ರ ಏಡಿ ನೆರೆಹೊರೆಯವರನ್ನೇ ತಿಂದು ಮುಗಿಸುತ್ತಿತ್ತು.