ಡಯೋಡಿನ ದಿಕ್ಕು



ನಿಮ್ಮಲ್ಲಿ ಹಲವರು ಈಗ ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್‌ಗಳ ಕಚೇರಿಗಳಲ್ಲಿದ್ದೀರಿ. ನಿಮ್ಮ ಮಕ್ಕಳು ಶಾಲೆಯ ಪ್ರಾಜೆಕ್ಟಿಗೆಂದು ಎಸ್.ಪಿ. ರಸ್ತೆಯಿಂದ ಡಯೋಡ್, ರೋಧಕಗಳನ್ನು ತಂದಾಗ ಮೊದಲು ಕೇಳುವುದು, "ಇದನ್ನು ಯಾವ ಕಡೆಗೆ ಹಾಕಬೇಕು?" ಎಂದೇ. ಈ ಪುಟ್ಟ ಪ್ರಶ್ನೆಗೆ ದೊಡ್ಡ ಚರಿತ್ರೆಯಿದೆ.

ಕೆಲವು ಲೋಹದ ಸಲ್ಫೈಡ್ ಹರಳುಗಳಲ್ಲಿ ವಿದ್ಯುತ್ತು ಒಂದು ದಿಕ್ಕಿಗೆ ಸುಲಭವಾಗಿಯೂ ಎದುರು ದಿಕ್ಕಿಗೆ ಕಷ್ಟದಿಂದಲೂ ಹರಿಯುವುದನ್ನು ಜರ್ಮನಿಯ ಫರ್ಡಿನಾಂಡ್ ಬ್ರೌನ್ 1874ರಲ್ಲಿ ಪ್ರಕಟಿಸಿದರು. ಕಾರಣ ಸ್ಪಷ್ಟವಾಗುವ ಮೊದಲೇ ಬಳಕೆ ಬಂದಿತು. ನಮ್ಮ ಜಗದೀಶಚಂದ್ರ ಬೋಸರು ಗೆಲೀನಾ ಹರಳಿನ ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. 1940ರಲ್ಲಿ ಬೆಲ್ ಪ್ರಯೋಗಾಲಯದ ರಸೆಲ್ ಓಲ್ ಅವರು ಸಿಲಿಕಾನ್ ತುಂಡೊಂದರಲ್ಲಿ ಪಿ-ಎನ್ ಸಂಧಿಯನ್ನು ಕಂಡ ಮೇಲೆಯೇ ಈ ಏಕಮುಖ ಗುಣದ ಮರ್ಮ ಬಿಡಿಸಿಕೊಳ್ಳತೊಡಗಿತು.

ನಮ್ಮ ಬೆಂಗಳೂರೂ ಈ ಕಥೆಯಲ್ಲಿ ಸೇರಿಕೊಂಡಿತು. ರಕ್ಷಣಾ ಪಡೆಗಳ ಅಗತ್ಯಗಳಿಗಾಗಿ 1954ರಲ್ಲಿ ಸ್ಥಾಪನೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೊ ವಾಲ್ವುಗಳನ್ನು, 1962ರಲ್ಲಿ ಜರ್ಮೇನಿಯಮ್ ಅರೆವಾಹಕಗಳನ್ನು ತಯಾರಿಸತೊಡಗಿತು. ಅದೇ 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕು ಸೂಸುವ ಡಯೋಡನ್ನು ರೂಪಿಸಿದರು. ಆ ಸಂಸ್ಥೆ 2000ದಲ್ಲಿ ನಿಮ್ಮ ವೈಟ್‌ಫೀಲ್ಡ್‌ನಲ್ಲಿಯೇ ಸಂಶೋಧನಾ ಕೇಂದ್ರವೊಂದನ್ನು ತೆರೆಯಿತು.

ಇನ್ನು ಜೋಡಣೆಯ ವಿಚಾರ. ಸಾಮಾನ್ಯ ಡಯೋಡಿನಲ್ಲಿ ಪಟ್ಟಿಯಿರುವ ತುದಿಯೇ ಋಣಾಗ್ರ; ಎಲ್‌ಇಡಿಯಲ್ಲಿ ಗಿಡ್ಡ ಕಾಲು. ಅದು ಬ್ಯಾಟರಿಯ ಋಣ ತುದಿಯ ಕಡೆಗಿರಬೇಕು. ರೋಧಕವು ಡಯೋಡಿನ ಹಿಂದಿರಲಿ, ಮುಂದಿರಲಿ, ಸರಣಿಯಲ್ಲಿದ್ದರೆ ಸಾಕು. ಎರಡರಲ್ಲೂ ಹರಿಯುವುದು ಒಂದೇ ಪ್ರವಾಹ.

ರೋಧಕವೇಕೆ ಬೇಕು? ಡಯೋಡು ದಾರಿ ತೆರೆಯುತ್ತದೆಯೇ ಹೊರತು ಅಳತೆ ಮಾಡುವುದಿಲ್ಲ. ಒಮ್ಮೆ ಹೊತ್ತಿಕೊಂಡ ಮೇಲೆ ವೋಲ್ಟೇಜು ತುಸು ಏರಿದರೂ ಪ್ರವಾಹ ವಿಪರೀತ ಏರಿ ಎಲ್‌ಇಡಿ ಸುಟ್ಟುಹೋಗುತ್ತದೆ. 9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿ ಹಾಕಿದರೆ ಅದರ ಪಾಲು ಸುಮಾರು 2 ವೋಲ್ಟ್. ಉಳಿದ 7 ವೋಲ್ಟ್ ರೋಧಕದ್ದು. ಅದು 470 ಓಮ್ ಆಗಿದ್ದರೆ ಪ್ರವಾಹ ಸುಮಾರು 15 ಮಿಲಿಆಂಪಿಯರ್. ತಿರುಗಿಸಿ ಹಾಕಿದರೆ ಪ್ರವಾಹ ಬಹುತೇಕ ಶೂನ್ಯ; ಆಗ ರೋಧಕಕ್ಕೆ ಪಾಲಿಲ್ಲ, ಇಡೀ 9 ವೋಲ್ಟ್ ಡಯೋಡಿನ ಮೇಲೆಯೇ ಬೀಳುತ್ತದೆ. ಎಷ್ಟೋ ಎಲ್‌ಇಡಿಗಳ ಹಿಮ್ಮುಖ ಮಿತಿ 5 ವೋಲ್ಟ್ ಮಾತ್ರ. ಆದ್ದರಿಂದ ದಿಕ್ಕನ್ನು ಮೊದಲೇ ನೋಡಿಕೊಳ್ಳಬೇಕು.

ಮಕ್ಕಳು ಕೇಳಿದಾಗ ಉತ್ತರವನ್ನಷ್ಟೇ ಹೇಳಿ ಮುಗಿಸಬೇಡಿ. 470ರ ಬದಲು 1000 ಓಮ್ ಹಾಕಿದರೆ ಪ್ರವಾಹ ಎಷ್ಟಾದೀತೆಂದು ಕೇಳಿರಿ. ಲೆಕ್ಕ ಮಾಡಿ, ಆಮೇಲೆ ಮೀಟರಿನಲ್ಲಿ ಅಳೆದು ನೋಡಲಿ.